ಮೂರನೆಯ ಪ್ರಶ್ನೆ

ಇಳಿಹೊತ್ತಿಗೆ ಗಡಿ ದಾಟಿ ತೇಲಿಬರುವ ಹೊಳೆಯುವ ಗೋಳಗಳನ್ನು ಜನ ತಲೆಯೆತ್ತಿ ನೋಡುವುದನ್ನೂ ಬಿಟ್ಟಿದ್ದರು. ಅವನ್ನು ಆಕಾಶದಲ್ಲೇ ತಡೆಯುವ ಕೆಲಸ ವಾಯುಪಡೆಯ ಪೈಲಟ್ ನೀಲಾಂಬಿಕೆಯದು. ‘ಯಾರು, ಎಲ್ಲಿಂದ ಬಂದಿರಿ?’ ಎಂದು ರೇಡಿಯೊದಲ್ಲಿ ಮೂರು ಸಲ ಕೇಳಬೇಕು. ಉತ್ತರ ಬಾರದಿದ್ದರೆ ಹೊಡೆದುರುಳಿಸಬೇಕು. ಈವರೆಗೆ ಒಂದು ಗೋಳವೂ ಉತ್ತರಿಸಿರಲಿಲ್ಲ.

ಅಂದು ಮೋಡಗಳು ಹಿಂಜಿದ ಅರಳೆಯಂತೆ ಹರಡಿದ್ದವು. ಅವಳಿಗೆ ಸಣ್ಣಗೆ ಮಂಪರು. ಎರಡು ಸಲ ನಿಯಮದಂತೆಯೇ ಕೇಳಿದಳು. ಮೂರನೆಯ ಸಲ, ತನ್ನೂರು ಶಹಾಪುರದಲ್ಲಿ ಕಟ್ಟೆಯ ಮೇಲೆ ಕೂತವರನ್ನು ಮಾತಾಡಿಸುವ ರೂಢಿಯಲ್ಲಿ, “ಊಟ ಆತೇನ್ರಿ?” ಎಂದುಬಿಟ್ಟಳು.

ಗೋಳ ನಿಂತಿತು.

“ಆತ್ರಿ,” ಎಂದಿತು ರೇಡಿಯೊ, ಮೆಲ್ಲಗೆ. “ನಿಮ್ದು?”

“ಇನ್ನೂ ಇಲ್ರಿ,” ಎಂದಳು ನೀಲಾಂಬಿಕೆ. ಹೊಡೆಯುವ ಗುಂಡಿಯ ಮೇಲಿದ್ದ ಬೆರಳು ತಾನಾಗಿ ಆಚೆ ಸರಿಯಿತು.

ನಿನ್ನೆ ತಾನು ಉರುಳಿಸಿದ ಗೋಳಕ್ಕೆ ಊಟವಾಗಿತ್ತೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ.