ದಾರಿಯಲ್ಲಿ ಸಿಕ್ಕ ಬಾರಾ ಬ್ರಿತ್

"ನಿಲ್ಸು, ನಿಲ್ಸು!" ಎಂದು ಐರ್ಲಿಸ್ ಕೂಗಿದ ರಭಸಕ್ಕೆ ಅವಳ ಗಂಡ ಕ್ಲೈವ್ ಕಾರನ್ನು ಬೇಲಿಗೆ ಉಜ್ಜಿಕೊಂಡೇ ನಿಲ್ಲಿಸಿದ. ಹಳೆಯ ಚಾಪೆಲಿನ, ಆ ಪುಟ್ಟ ಚರ್ಚಿನ, ಗೇಟಿಗೆ ರಟ್ಟಿನ ತುಂಡೊಂದನ್ನು ಕಟ್ಟಿದ್ದರು. ಅದರ ಮೇಲೆ ವೆಲ್ಷ್ ಭಾಷೆಯಲ್ಲಿ ಚಹಾ ಎಂಬ ಒಂದೇ ಪದ, ಪಕ್ಕದಲ್ಲಿ ಹಿಂದಿನ ಕೋಣೆಯತ್ತ ತಿರುಗಿದ ಬಾಣ.

"ಇಂಗ್ಲಿಷಲ್ಲಿ ಒಂದಕ್ಷರ ಇಲ್ಲ, ನೋಡಿದ್ಯಾ? ಅಂದ್ರೆ ಇದು ಪ್ರವಾಸಿಗಳಿಗಲ್ಲ, ನಮ್ಮೋರಿಗೆ. ಇಲ್ಲಿ ಸಿಗುತ್ತೆ ನಿಂಗೆ ನಿಜವಾದ ಬಾರಾ ಬ್ರಿತ್."

"ಮೂರು ದಿನದಿಂದ ಸಿಗುತ್ತೆ ಸಿಗುತ್ತೆ ಅಂತಾನೇ ಇದೀಯ. ನಂಗೆ ಸಿಕ್ಕಿದ್ದು ಪ್ಲಾಸ್ಟಿಕ್ ಹೊದ್ಕೊಂಡಿದ್ದ ಕೇಕು, ಆರಿಹೋದ ಚಿಪ್ಸು. ಸಂಜೆ ಸೇತುವೆ ದಾಟಿ ಇಂಗ್ಲೆಂಡ್ ಸೇರೋದ್ರೊಳಗೆ ಸಿಗಲಿಲ್ಲ ಅಂದ್ರೆ, ಬರೋ ಬೇಸಿಗೆಗೆ ಗ್ರಿಮ್ಸ್‌ಬಿಲಿ ನಮ್ಮಮ್ಮನ ಮನೆ. ಆಡಿದ ಮಾತು ಜ್ಞಾಪಕ ಇದೆ ತಾನೇ?"

ಇತ್ತು. ಮದುವೆಯಾಗಿ ಬರ್ಮಿಂಗ್‌ಹ್ಯಾಮಿಗೆ ಹೋದ ದಿನದಿಂದ ಐರ್ಲಿಸ್ ತನ್ನ ಸೀಮೆಯ ಊಟವನ್ನು ಹೊಗಳದ ಹಬ್ಬವಿಲ್ಲ. ಒಣದ್ರಾಕ್ಷಿಯನ್ನು ರಾತ್ರಿಯಿಡೀ ಚಹಾದಲ್ಲಿ ನೆನೆಸಿ ಮನೆಯಲ್ಲೇ ಮಾಡಿದ ಆ ಸಿಹಿ ಬ್ರೆಡ್ಡನ್ನು ತಿಂದರೆ ನಿನ್ನ ಬಾಯಿ ತಾನಾಗಿ ಮುಚ್ಚುತ್ತದೆ ಎಂದು ಗಂಡನಿಗೆ ಸವಾಲು ಹಾಕಿಯೇ ಅವಳು ಈ ಪ್ರಯಾಣ ಹೊರಡಿಸಿದ್ದಳು.

ಒಳಗೆ ಉದ್ದನೆಯ ಮೇಜುಗಳ ಮೇಲೆ ಬಿಳಿ ಬಟ್ಟೆ ಹಾಸಿತ್ತು. ಕುರಿಮಾಂಸದ ಸಾರಿನ ಹಬೆ ಕಿಟಕಿ ಗಾಜನ್ನೆಲ್ಲ ಮಸುಕು ಮಾಡಿತ್ತು. ಒಲೆಯ ಹತ್ತಿರ ಏಪ್ರನ್ ಕಟ್ಟಿಕೊಂಡಿದ್ದ ಇಬ್ಬರು ಹೆಂಗಸರು ತಿರುಗಿ ನೋಡಿದರು. ಒಬ್ಬಳು ವೆಲ್ಷ್‌ನಲ್ಲೇ ಹೇಳಿದಳು:

"ಬೇಗ ಬಂದ್ಬಿಟ್ರಲ್ಲ! ಮಿಕ್ಕೋರೆಲ್ಲ ಇನ್ನೂ ಗುಡ್ಡದ ಮೇಲೇ ಇದಾರೆ. ಕೂತ್ಕೊಳ್ಳಿ ಬಂಗಾರ, ಚಳೀಲಿ ಬಂದಿದೀರ."

ಗುಡ್ಡ ಹತ್ತುವವರ ಗುಂಪೊಂದು ಬರುವುದಿರಬೇಕು ಎಂದುಕೊಂಡಳು ಐರ್ಲಿಸ್. ಕೂತದ್ದೇ ತಡ, ಚಹಾ ಬಂತು. ಬಾರಾ ಬ್ರಿತ್ ತುಂಬಿದ ತಟ್ಟೆಯೂ ಬಂತು. ಕ್ಲೈವ್ ಒಂದು ಹೋಳನ್ನು ಬಾಯಿಗಿಟ್ಟ. ಅಗಿದ. ಇನ್ನೂ ಅಗಿದ.

"ಹೇಗಿದೆ?"

"ಚಹಾ ಚೆನ್ನಾಗಿದೆ."

"ನಿಂಗೆ ನಾಲಗೇನೇ ಇಲ್ಲ ಬಿಡು," ಎಂದು ಅವಳು ಸಿಡುಕಿ, ಅವನಿಗೆ ತೋರಿಸಲೆಂದೇ ಎರಡು ಹೋಳು ತಿಂದಳು. ಮೂರನೆಯದನ್ನು ಎತ್ತುವಷ್ಟರಲ್ಲಿ ಬಾಗಿಲು ತೆರೆಯಿತು. ಕಪ್ಪು ಕೋಟು, ಕಪ್ಪು ಟೈ, ಬೂಟಿಗೆ ಹಸಿಮಣ್ಣು ಮೆತ್ತಿಕೊಂಡ ಜನ ಒಬ್ಬರ ಹಿಂದೊಬ್ಬರು, ಪಿಸುಮಾತಾಡುತ್ತ ಒಳಗೆ ಬಂದರು. ಗುಡ್ಡದ ಮೇಲೆ ಏನಿದೆ ಎಂಬುದು ಐರ್ಲಿಸ್‌ಗೆ ಆಗ ಹೊಳೆಯಿತು. ಸ್ಮಶಾನ.

"ಎದ್ದೇಳು," ಎಂದು ಗಂಡನ ಮೊಣಕಾಲಿಗೆ ತಿವಿದಳು. "ಯಾರದೋ ಮಣ್ಣಾಗಿದೆ ಕಣೋ. ನಾವು ತಿಥಿ ಊಟಕ್ಕೆ ಬಂದು ಕೂತಿದೀವಿ!"

"ಈಗ ಎದ್ರೆ ಇನ್ನೂ ಎದ್ದು ಕಾಣುತ್ತೆ," ಎಂದ ಕ್ಲೈವ್, ತುಟಿ ಅಲ್ಲಾಡಿಸದೆ.

ಎದುರಿಗೆ ಬಂದು ಕೂತ ಮುದುಕರೊಬ್ಬರು ಆಗಲೇ ಶುರುಮಾಡಿದ್ದರು. "ನೀನು ಯಾರ ಮಗಳಮ್ಮ? ತೀರಿಹೋದ ಇದ್ವಲ್ ಕಡೆಯೋಳಾ, ಅವನ ಹೆಂಡ್ತಿ ಮೊರ್ವಿದ್ ಕಡೆಯೋಳಾ? ಮೂಗು ನೋಡಿದ್ರೆ ಇದ್ವಲ್ ಮನೇದೇ."

ಐರ್ಲಿಸ್ ಚಹಾದ ಕಪ್ಪಿನೊಳಗೆ ಮುಖ ಹುದುಗಿಸಿದಳು. ಅಷ್ಟರಲ್ಲಿ ಎಲ್ಲರೂ ದಾರಿ ಬಿಟ್ಟರು. ಸಣ್ಣ ಮೈಕಟ್ಟಿನ ಒಬ್ಬ ಹೆಂಗಸು, ಟೋಪಿ ಕೈಯಲ್ಲಿ ಹಿಡಿದು, ಅವಳ ಪಕ್ಕದಲ್ಲೇ ಬಂದು ಕೂತಳು. ತೀರಿಹೋದ ಇದ್ವಲ್‌ನ ಹೆಂಡತಿ ಮೊರ್ವಿದ್ ಇವಳೇ ಎಂದು ಯಾರೂ ಹೇಳಬೇಕಾಗಿರಲಿಲ್ಲ.

"ನಿನ್ನ ಗುರುತು ಹತ್ತಲಿಲ್ಲವಲ್ಲ ಮಗಳೇ."

"ಹತ್ತಲ್ಲ ಅಮ್ಮ." ಐರ್ಲಿಸ್ ಕಪ್ಪನ್ನು ಕೆಳಗಿಟ್ಟಳು. "ನಾವು ಯಾರೂ ಅಲ್ಲ. ದಾರೀಲಿ ಹೋಗ್ತಿದ್ವಿ. ಗೇಟಲ್ಲಿ ಚಹಾ ಅಂತ ಇತ್ತು... ತಪ್ಪಾಯ್ತು. ಈಗಲೇ ಹೊರಡ್ತೀವಿ."

"ಇದ್ವಲ್‌ಗೆ ಏನೂ ಆಗ್ಬೇಕಿಲ್ವಾ?"

"ಇಲ್ಲ."

"ನಂಗೂ?"

"ಇಲ್ಲಮ್ಮ."

"ಸದ್ಯ," ಎಂದಳು ಮೊರ್ವಿದ್. ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. ಕ್ಲೈವ್ ಕಣ್ಣು ಕಣ್ಣು ಬಿಡುತ್ತಿರುವುದನ್ನು ನೋಡಿ, ಅವನಿಗೂ ತಿಳಿಯಲೆಂದು ಇಂಗ್ಲಿಷಿಗೆ ತಿರುಗಿದಳು. "ಹಾಗಾದ್ರೆ ನೀನು ನಿಜ ಹೇಳ್ತೀಯ. ಬಾರಾ ಬ್ರಿತ್ ಹೇಗಿದೆ? ನಾನೇ ಮಾಡಿದ್ದು. ಆ ಗಡಿಬಿಡೀಲಿ ದ್ರಾಕ್ಷಿ ನೆನೆಹಾಕಿದ್ನೋ ಇಲ್ವೋ ಅನ್ನೋದೂ ಜ್ಞಾಪಕ ಇಲ್ಲ. ಇವರನ್ನ ಕೇಳಿದ್ರೆ ಎಲ್ಲರೂ ‘ಅಮೃತ ಮೊರ್ವಿದ್, ಅಮೃತ’ ಅಂತಾರೆ. ಗಂಡ ಸತ್ತೋಳಿಗೆ ಇನ್ನೇನು ಹೇಳ್ತಾರೆ? ಇದ್ವಲ್ ಒಬ್ಬ ಮಾತ್ರ ಮುಖಕ್ಕೆ ಹೊಡೆದ ಹಾಗೆ ಹೇಳ್ತಿದ್ದ."

ಐರ್ಲಿಸ್ ತಟ್ಟೆ ನೋಡಿದಳು. ಗಂಡನನ್ನು ನೋಡಿದಳು. ಅವನ ಹುಬ್ಬು ಮೆಲ್ಲಗೆ ಮೇಲೇರುತ್ತಿತ್ತು. ಅಮೃತ ಎಂದರೆ ಮುಗಿಯಿತು, ಗಂಡ ಸತ್ತವಳ ಎದುರು ಅವನು ಅಲ್ಲ ಎನ್ನಲಾರ. ಗೆಲುವು ಅವಳದು, ಬರುವ ಬೇಸಿಗೆಯೂ ಅವಳದು. ಆದರೆ ಮೊರ್ವಿದ್ ಅವಳ ಬಾಯನ್ನೇ ನೋಡುತ್ತಿದ್ದಳು, ಒಲೆಯಿಂದ ಇಳಿಸಿದ್ದನ್ನು ಮೊದಲ ಸಲ ಬಡಿಸಿದ ಹುಡುಗಿಯ ಹಾಗೆ.

"ಒಣಗಿದೆಯಮ್ಮ," ಎಂದಳು ಐರ್ಲಿಸ್. "ಸ್ವಲ್ಪ ಅಲ್ಲ, ಚೆನ್ನಾಗೇ ಒಣಗಿದೆ. ಚಹಾ ಇಲ್ಲದೆ ಇಳಿಯೋದು ಕಷ್ಟ."

ಕ್ಲೈವ್‌ನ ತೆರೆದ ಬಾಯಿ ತಾನಾಗಿ ಮುಚ್ಚಿತು.

ಮೊರ್ವಿದ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಭುಜ ಕುಲುಕತೊಡಗಿತು. ಒಲೆಯ ಹತ್ತಿರದ ಹೆಂಗಸರು ಸೌಟು ಬಿಟ್ಟು ಓಡಿ ಬಂದರು. ಒಬ್ಬಳು ಬೆನ್ನು ಸವರಿದಳು, ಇನ್ನೊಬ್ಬಳು ಐರ್ಲಿಸ್‌ಳನ್ನು ದುರುಗುಟ್ಟಿ ನೋಡಿದಳು. ಮೊರ್ವಿದ್ ಕೈ ತೆಗೆದಾಗ ಕಣ್ಣಲ್ಲಿ ನೀರಿತ್ತು, ಆದರೆ ಅವಳು ನಗುತ್ತಿದ್ದಳು. ಬೆಳಗಿನಿಂದ ಏನನ್ನೂ ಮುಟ್ಟದಿದ್ದವಳು ತಟ್ಟೆಯಿಂದ ಒಂದು ಹೋಳನ್ನು ಎತ್ತಿಕೊಂಡು ಹೇಳಿದಳು:

"ಹಾಗೇ ನಿಂತಿದೀರಲ್ಲ, ಎಲ್ಲರಿಗೂ ಬೆಣ್ಣೆ ತನ್ರೇ. ಒಣಗಿದೆಯಂತೆ."