ಜಹನಾರಾಳ ಎಣಿಕೆ

“ನೋಡಿ, ಬಿಸೀನೇ ಇಲ್ಲ,” ಎಂದು ಅಕ್ತರ್ ಗ್ರಿಲ್ಲಿನ ಸರಳುಗಳ ಮೇಲೆ ಅಂಗೈ ಹಿಡಿದು ಎಣಿಸತೊಡಗಿದರು. “ಏಕ್, ದೋ, ತೀನ್...”

ಫ್ರೇಜರ್ ಟೌನಿನ ಅವರ ಕಬಾಬ್ ಅಂಗಡಿಗೆ ಮೆಕ್ಯಾನಿಕ್ ಜಯಂತ್ ಬಂದದ್ದು ವಾರದಲ್ಲಿ ಮೂರನೆಯ ಸಲ. ಉರಿಯುವ ಜಾಗದ ಬೂದಿ ತೆಗೆದಿದ್ದ, ಉರುವಲಿಗೆ ಹಾಕುವ ಮರದ ಪೆಲೆಟ್ ತೇವ ಹಿಡಿದಿದ್ದರಿಂದ ಬದಲಿಸಿದ್ದ, ಶಾಖ ಅಳೆಯುವ ಸೆನ್ಸರಿನ ಮಸಿ ಒರೆಸಿದ್ದ. ಗ್ರಿಲ್ಲಿನ ಪುಟ್ಟ ಪರದೆ ಇನ್ನೂರ ಮೂವತ್ತು ಡಿಗ್ರಿ ತೋರಿಸುತ್ತಿತ್ತು. ಅಕ್ತರ್ ಪರದೆಯನ್ನು ನಂಬುತ್ತಿರಲಿಲ್ಲ. ಗ್ರಿಲ್ ನೋಡಿಕೊಳ್ಳುತ್ತಿದ್ದವಳು ಹೆಂಡತಿ ಜಹನಾರಾ. ಅವಳು ಹೀಗೇ ಅಂಗೈ ಹಿಡಿದು ಎಣಿಸುತ್ತಿದ್ದಳು. ಐದು ಎನ್ನುವಷ್ಟರಲ್ಲಿ ಕೈ ತಾನಾಗಿ ಹಿಂದಕ್ಕೆ ಬಂದರೆ ಮಾತ್ರ ಕಬಾಬ್ ಇಡುತ್ತಿದ್ದಳು. ಅವಳು ತೀರಿಕೊಂಡು ಇಪ್ಪತ್ತು ದಿನವಾಗಿತ್ತು.

“...ಬಾರಾ, ತೇರಾ.” ಹದಿಮೂರಾದರೂ ಅಕ್ತರರ ಕೈ ಇನ್ನೂ ಅಲ್ಲೇ ಇತ್ತು. ಜಯಂತ್ ಪಕ್ಕದಲ್ಲಿ ತನ್ನ ಕೈಯನ್ನೂ ಹಿಡಿದ. ನಾಲ್ಕು ಎಣಿಸುವ ಮೊದಲೇ ಅದನ್ನು ಎಳೆದುಕೊಂಡವನು, ಅಕ್ತರರ ಮಣಿಕಟ್ಟು ಹಿಡಿದು ಜಗ್ಗಿದ. ಅಂಗೈ ಕೆಂಪಾಗಿ ಊದಿಕೊಂಡಿತ್ತು.

“ಭಾಯ್, ಕೈ ಸುಟ್ಟೋಗಿದೆ. ನಲ್ಲಿ ಕೆಳಗೆ ಹಿಡೀರಿ.”

ಅಕ್ತರ್ ಅಂಗೈಯನ್ನು ಯಾರೋ ಬಿಟ್ಟುಹೋದ ವಸ್ತುವಿನಂತೆ ನೋಡಿದರು.

“ಹಾಗಾದ್ರೆ ಮಿಷಿನ್ ಸರಿಯಾಗೇ ಇದೆ,” ಎಂದರು.