ಹುಟ್ಟುಹಬ್ಬದ ಫ್ಲೆಕ್ಸ್

ನಾಯಕರು ಫ್ಲೆಕ್ಸ್ ಅಂಗಡಿಗೆ ನುಗ್ಗಿದವರೇ, ತಮ್ಮ ಹುಟ್ಟುಹಬ್ಬಕ್ಕೆ ಅಚ್ಚಾಗಿದ್ದ ಹೊಸ ಫ್ಲೆಕ್ಸನ್ನು ಮೇಜಿನ ಮೇಲೆ ಎಸೆದರು. ಹತ್ತಡಿಯ ಫ್ಲೆಕ್ಸಿನ ತುಂಬ ಪಕ್ಷದ ಗುರುತಾದ ಬಿಂದಿಗೆ. ಅವರ ಮುಖ ಕೆಳಗಿನ ಮೂಲೆಯಲ್ಲಿ, ಅಂಗೈಯಷ್ಟು.

"ಹುಟ್ಟುಹಬ್ಬ ಯಾರದಲೇ? ನಂದಾ, ಬಿಂದಿಗೇದಾ?"

"ಪಾರ್ಟಿ ಆಫೀಸಿನೋರು ಹೇಳಿದಂಗೆ ಮಾಡೀನಿ ಸರ್," ಎಂದ ಅಂಗಡಿಯವನು ಅಂಜುತ್ತ. "ವರ್ಷಾ ವರ್ಷ ನಿಮ್ಮ ಮುಖ ಒಂದಡಿ ಸಣ್ಣ ಮಾಡು, ಬಿಂದಿಗೆ ಒಂದಡಿ ದೊಡ್ಡದು ಮಾಡು, ಜನಕ್ಕೆ ಗೊತ್ತಾಗಬಾರದು ಅಂದಿದ್ರು."

"ಆ ಕಳ್ಳ ನನ್ಮಕ್ಳಿಗೆ ಓಟು ಬಿದ್ದಿದ್ದು ಈ ಮುಖ ನೋಡಿ! ಈಗ ನನ್ನನ್ನೇ ಅಳಿಸ್ತಾರಾ? ತಡಿ, ನನ್ನ ಹುಡುಗರು ಆ ಆಫೀಸಿಗೆ ಬೀಗ ಜಡೀತಾರೆ."

ನಾಯಕರು ತಮ್ಮ ಅಭಿಮಾನಿಗಳ ಸಂಘದ ಅಧ್ಯಕ್ಷ ಕರಿಬಸುಗೆ ಫೋನ್ ಮಾಡಿ, ಕೂಡಲೇ ಬಾ ಎಂದರು. ಆಮೇಲೆ ಅಂಗಡಿಯವನ ಕಡೆ ತಿರುಗಿದರು.

"ನಾನು ಗೆದ್ದ ದಿನ ನನ್ನ ಮುಖಾನ ತೋಳ ಮೇಲೆ ಹಚ್ಚೆ ಹಾಕಿಸಿಕೊಂಡೋನು ಅವನು. ಅದನ್ನ ಹೆಂಗೆ ಸಣ್ಣ ಮಾಡ್ತಾರೆ ಕೇಳು ನಿಮ್ಮ ಆಫೀಸಿನೋರನ್ನ!"

ಹತ್ತೇ ನಿಮಿಷದಲ್ಲಿ ಕರಿಬಸು ಓಡಿ ಬಂದು ಅವರ ಕಾಲು ಮುಟ್ಟಿದ.

"ನೋಡಲೇ ಇಲ್ಲಿ! ಇದನ್ನ ನೋಡಿ ನಿನ್ನ ಹೊಟ್ಟೆ ಉರಿಯಲ್ವಾ?"

ಕರಿಬಸು ಫ್ಲೆಕ್ಸನ್ನು ಮೇಲಿಂದ ಕೆಳಗೆ ನೋಡಿದ. "ಚಲೋ ಐತಲ್ಲಣ್ಣ. ಏನಾಗೇತಿ?"

"ಚಲೋ ಐತಾ? ನಿನ್ನ ತೋಳು ತೋರಿಸಲೇ ಇವನಿಗೆ!"

ಕರಿಬಸು ಹೆಮ್ಮೆಯಿಂದ ಅಂಗಿಯ ತೋಳನ್ನು ಮೇಲೇರಿಸಿದ. ಹಳೆಯ ಹಚ್ಚೆಯ ಮೇಲೆ ದೊಡ್ಡದೊಂದು ಬಿಂದಿಗೆ ಕಪ್ಪಗೆ ಕೂತಿತ್ತು; ಅದರ ಪಕ್ಕದಿಂದ ನಾಯಕರ ಮೀಸೆಯ ಒಂದು ತುದಿ ಮಾತ್ರ ಹೊರಗೆ ಕಾಣುತ್ತಿತ್ತು.